ತಲೆಗೆ ಪೆಟ್ಟು ಬಿದ್ದ ದಿನ ಮತ್ತೆ ಆಟವಿಲ್ಲ

ಮಕ್ಕಳನ್ನು ಆಟಕ್ಕೆ ಸೇರಿಸುವಾಗ ಕ್ಲಬ್‌ನವರು ಒಂದು ಕಟ್ಟು ಕಾಗದ ಕೊಡುತ್ತಾರೆ. ನಾವೆಲ್ಲ ಓದದೆ ಸಹಿ ಹಾಕಿದವರೇ. ಅದರಲ್ಲಿ ಕನ್‌ಕಷನ್, ಅಂದರೆ ಮೆದುಳಿಗೆ ಆಗುವ ಪೆಟ್ಟಿನ ಬಗ್ಗೆ ಒಂದು ಹಾಳೆ ಇದ್ದರೆ ಅದೊಂದನ್ನಾದರೂ ಓದಿ. ಇಲ್ಲದಿದ್ದರೆ ಕೋಚ್ ಹತ್ತಿರ ಕೇಳಿ: ತಲೆಗೆ ಪೆಟ್ಟಾದರೆ ಮಗುವನ್ನು ಹೊರಗೆ ಕೂರಿಸುವವರು ಯಾರು? ನಮಗೆ ಫೋನ್ ಮಾಡುವವರು ಯಾರು? ಮತ್ತೆ ಆಡಲು ಯಾರ ಚೀಟಿ ಬೇಕು?

ಪೆಟ್ಟಿನ ರಭಸಕ್ಕೆ ಮೆದುಳು ಅಲುಗಾಡಿ, ಅದರ ಕೆಲಸ ಕೆಲವು ದಿನ ಏರುಪೇರಾಗುವುದೇ ಕನ್‌ಕಷನ್. ಪೆಟ್ಟು ತಲೆಗೇ ಬೀಳಬೇಕೆಂದಿಲ್ಲ. ಕತ್ತಿಗೋ ಎದೆಗೋ ಜೋರಾಗಿ ಬಿದ್ದು ತಲೆ ಜಗ್ಗಿದರೂ ಆಗಬಹುದು. ಹೆಚ್ಚಿನ ಮಕ್ಕಳಿಗೆ ಪ್ರಜ್ಞೆ ತಪ್ಪುವುದೇ ಇಲ್ಲ. ಸ್ಕ್ಯಾನ್ ಕೂಡ ಸಾಮಾನ್ಯವಾಗಿ ನಾರ್ಮಲ್ ಎಂದೇ ಬರುತ್ತದೆ. ಹಾಗಾಗಿ 'ಸ್ಕ್ಯಾನ್ ಸರಿಯಿದೆ, ನಾಳೆ ಮ್ಯಾಚ್‌ಗೆ ಕಳಿಸೋಣ' ಎಂಬ ಲೆಕ್ಕ ತಪ್ಪು.

2019ರಲ್ಲಿ ಇಂಗ್ಲೆಂಡ್-ಆಸ್ಟ್ರೇಲಿಯಾ ನಡುವಿನ ಆ್ಯಷಸ್ ಕ್ರಿಕೆಟ್ ಸರಣಿಯ ಲಾರ್ಡ್ಸ್ ಟೆಸ್ಟ್ ನೆನಪಿದೆಯಲ್ವಾ? ಇಂಗ್ಲೆಂಡಿನ ಜೋಫ್ರಾ ಆರ್ಚರ್ ಎಸೆದ ಚೆಂಡು ಆಸ್ಟ್ರೇಲಿಯಾದ ಸ್ಟೀವ್ ಸ್ಮಿತ್ ಕತ್ತಿಗೆ ಬಡಿಯಿತು. ಪರೀಕ್ಷೆ ಮಾಡಿದರು, ಸರಿಯಾಗಿದ್ದಾರೆ ಎನಿಸಿತು, ಸ್ಮಿತ್ ಮತ್ತೆ ಬ್ಯಾಟ್ ಹಿಡಿದು ಬಂದರು. ಮರುದಿನ ಬೆಳಿಗ್ಗೆ ತಲೆನೋವು, ಮಂಕು. ಬದಲಿಗೆ ಮಾರ್ನಸ್ ಲಬುಶೇನ್ ಆಡಿದರು. ಟೆಸ್ಟ್ ಕ್ರಿಕೆಟ್ಟಿನ ಮೊದಲ ಕನ್‌ಕಷನ್ ಬದಲಿ ಆಟಗಾರ ಅವರೇ. ಡಾಕ್ಟರು ಪಕ್ಕದಲ್ಲೇ ಇದ್ದ ದೊಡ್ಡವರ ಆಟದಲ್ಲೇ ಹೀಗೆ. ಮಕ್ಕಳ ಮೈದಾನದಲ್ಲಿ ಬದಿಗೆ ನಿಂತ ನಾವು 'ಏನಾಗಿಲ್ಲ, ಏಳು' ಎನ್ನುವುದು ಯಾವ ಧೈರ್ಯದ ಮೇಲೆ?

ಮಕ್ಕಳು ಇದನ್ನು ಮುಚ್ಚಿಡುತ್ತಾರೆ. ಟೀಮ್‌ನಿಂದ ಹೊರಗಿಡುತ್ತಾರೆ ಎಂಬ ಭಯ. ಆದ್ದರಿಂದ ಎರಡು ಮೂರು ದಿನ ನೀವೇ ಗಮನಿಸಿ: ತಲೆನೋವು, ತಲೆಸುತ್ತು, ಬೆಳಕು ಸದ್ದು ಸಹಿಸದಿರುವುದು, ಕೇಳಿದ್ದನ್ನೇ ಮತ್ತೆ ಕೇಳುವುದು, ಸುಮ್ನೆ ಸಿಡುಕುವುದು, ಜಾಸ್ತಿ ನಿದ್ದೆ. ಅನುಮಾನ ಬಂದರೂ ಸಾಕು, ಆ ದಿನ ಆಟ ಮುಗಿಯಿತು. ಮೊದಲ ಪೆಟ್ಟು ವಾಸಿಯಾಗುವ ಮುಂಚೆ ಇನ್ನೊಂದು ಬಿದ್ದರೆ, ಅಪರೂಪಕ್ಕಾದರೂ, ಮೆದುಳು ಊದಿಕೊಂಡು ಜೀವಕ್ಕೇ ಅಪಾಯ.

ಮೇಲಿಂದ ಮೇಲೆ ವಾಂತಿ, ಹೆಚ್ಚುತ್ತಲೇ ಹೋಗುವ ತಲೆನೋವು, ಫಿಟ್ಸ್, ತೊದಲು ಮಾತು, ಕೈಕಾಲಿನಲ್ಲಿ ಶಕ್ತಿ ಇಲ್ಲದಿರುವುದು, ಒಂದು ಕಣ್ಣಿನ ಪಾಪೆ ದೊಡ್ಡದಾಗಿ ಕಾಣುವುದು, ಎಬ್ಬಿಸಿದರೂ ಏಳದಿರುವುದು: ಇವುಗಳಲ್ಲಿ ಒಂದು ಕಂಡರೂ ಆಂಬುಲೆನ್ಸ್ ಕರೆಯಿರಿ. ಕತ್ತು ನೋಯುತ್ತಿದೆ ಎಂದರೆ ಮಗುವನ್ನು ಎತ್ತಬೇಡಿ, ಅಲುಗಾಡಿಸಬೇಡಿ.

ಆಸ್ಪತ್ರೆಯಲ್ಲಿ ಅಲ್ಲಿನ ಭಾಷೆ ನಿಮಗೆ ಸಲೀಸಾಗಿ ಬಾರದಿದ್ದರೆ ದುಭಾಷಿ ಬೇಕೆಂದು ಕೇಳಿ, ಸಂಕೋಚ ಬೇಡ. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಮಗುವೇ ದುಭಾಷಿ. ಬೇರೆ ದಿನ ಸರಿ, ಇವತ್ತು ಮಂಕಾಗಿರುವುದೇ ಆ ತಲೆ. ಪೆಟ್ಟು ಬಿದ್ದದ್ದು ಎಷ್ಟು ಹೊತ್ತಿಗೆ, ಆಮೇಲೆ ಮಗು ಏನೇನು ಮಾಡಿತು ಎಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ.

ಡಾಕ್ಟರು ನೋಡಿ ಮನೆಗೆ ಕಳಿಸಿದ ಮೇಲೆ ಮಲಗಲು ಬಿಡಿ. ರಾತ್ರಿಯಿಡೀ ಎಚ್ಚರ ಇರಿಸಬೇಕೆಂಬುದು ಹಳೆಯ ಮಾತು. ಮೊದಲ 24ರಿಂದ 48 ಗಂಟೆ ಆರಾಮಾಗಿರಲಿ, ಫೋನು ಟಿವಿ ಕಡಿಮೆ. ಹಾಗಂತ ವಾರಗಟ್ಟಲೆ ಕತ್ತಲೆ ಕೋಣೆಯಲ್ಲಿ ಕೂಡಿಹಾಕುವುದು ಈಗ ಹೇಳುವ ಚಿಕಿತ್ಸೆ ಅಲ್ಲ. ಎರಡು ದಿನದೊಳಗೆ ಸ್ವಲ್ಪ ನಡೆದಾಡಿದರೆ ಒಳ್ಳೆಯದೇ. ಆಸ್ಪಿರಿನ್ ಕೊಡಬೇಡಿ, ಯಾವ ನೋವಿನ ಮಾತ್ರೆ ಕೊಡಬಹುದೆಂದು ಡಾಕ್ಟರನ್ನೇ ಕೇಳಿ.

ಮೊದಲು ಶಾಲೆ, ಆಮೇಲೆ ಆಟ. ಅರ್ಧ ದಿನ, ಕಡಿಮೆ ಹೋಮ್‌ವರ್ಕ್, ಪರೀಕ್ಷೆ ಮುಂದಕ್ಕೆ. ಇದನ್ನೆಲ್ಲ ಟೀಚರ್ ಹತ್ತಿರ ಕೇಳಬಹುದು, ಅದು ಸೋಮಾರಿತನ ಅಲ್ಲ. ಆಟಕ್ಕೆ ಮರಳಲು ಆರು ಹಂತಗಳಿವೆ. ನಡಿಗೆಯಿಂದ ಶುರು, ನಿಧಾನವಾಗಿ ಓಟ, ಅಭ್ಯಾಸ, ಕೊನೆಗೆ ಮ್ಯಾಚ್. ಒಂದೊಂದಕ್ಕೂ ಕನಿಷ್ಠ ಒಂದು ದಿನ. ಮೈಗೆ ಮೈ ತಾಗುವ ಆಟಕ್ಕೆ ಇಳಿಯುವ ಮುಂಚೆ ಡಾಕ್ಟರ ಒಪ್ಪಿಗೆ ಬೇಕೇಬೇಕು. ಬಹುತೇಕ ಮಕ್ಕಳು ನಾಲ್ಕು ವಾರದೊಳಗೆ ಸರಿಹೋಗುತ್ತಾರೆ.

ಇನ್ನು ಹೆಲ್ಮೆಟ್. ಅಳತೆಗೆ ಸರಿಯಾದದ್ದನ್ನೇ ಕೊಡಿಸಿ, 'ಮುಂದಿನ ವರ್ಷಕ್ಕೂ ಆಗಲಿ' ಎಂದು ದೊಡ್ಡದು ತರಬೇಡಿ. ಅದು ತಲೆಬುರುಡೆ ಒಡೆಯದಂತೆ ಕಾಯುತ್ತದೆ, ಆದರೆ ಒಳಗೆ ಮೆದುಳು ಅಲುಗದಂತೆ ಹಿಡಿದಿಡಲಾರದು. ನನ್ನ ಮಟ್ಟಿಗೆ ಹೆಲ್ಮೆಟ್ಟಿಗಿಂತ ಆಟದ ನಿಯಮವೇ ಮುಖ್ಯ: ಮಕ್ಕಳ ಐಸ್ ಹಾಕಿಯಲ್ಲಿ ಎದುರಾಳಿಗೆ ಮೈಯಿಂದ ಗುದ್ದುವುದನ್ನು ನಿಲ್ಲಿಸಿದ ಕಡೆ ಕನ್‌ಕಷನ್ ಕಡಿಮೆಯಾಗಿದೆ. ಕ್ಲಬ್ ಆರಿಸುವಾಗ ಎಷ್ಟು ಕಪ್ ಗೆದ್ದಿದ್ದಾರೆ ಎಂದು ಕೇಳುವ ಮುಂಚೆ, ಅಭ್ಯಾಸದ ಹೊತ್ತಿಗೆ ಒಂದು ಸಂಜೆ ಹೋಗಿ ನಿಂತು ನೋಡಿ. ಬಿದ್ದ ಮಗುವಿನ ಹತ್ತಿರ ಕೋಚ್ ಓಡಿ ಹೋಗುತ್ತಾರಾ, ನಿಂತಲ್ಲಿಂದಲೇ ಕೂಗುತ್ತಾರಾ ಎಂಬುದು ಅಲ್ಲೇ ಗೊತ್ತಾಗುತ್ತದೆ.