ಮೈನ್‌ಕ್ರಾಫ್ಟ್ ವಿಡಿಯೋ ಗೇಮ್‌ನಲ್ಲಿ ಕಾಡುಪ್ರಾಣಿ ಪಳಗಿಸುವವರಿಗೆ

ಎಷ್ಟು ಅಟ್ಟಿಸಿಕೊಂಡು ಹೋದರೂ ಬೆಕ್ಕು ಸಿಗುತ್ತಿಲ್ಲ ಎಂದು ಹೊಸಬರು ಕೈಚೆಲ್ಲುತ್ತಾರೆ. ಗೆಳೆಯರೇ, ಅಟ್ಟಿಸಿಕೊಂಡು ಹೋಗಲೇಬೇಡಿ. ಹಸಿ ಕಾಡ್ ಅಥವಾ ಸಾಲ್ಮನ್ ಮೀನನ್ನು ಕೈಯಲ್ಲಿ ಹಿಡಿದು ನಿಂತಲ್ಲೇ ನಿಲ್ಲಿ. ಬೇಯಿಸಿದ ಮೀನು ನಡೆಯುವುದಿಲ್ಲ. ಹಳ್ಳಿಯ ಬೀಡಾಡಿ ಬೆಕ್ಕು ತಾನಾಗಿಯೇ ಮೆಲ್ಲಗೆ ಹತ್ತಿರ ಬರುತ್ತದೆ. ಆ ಹೊತ್ತಿನಲ್ಲಿ ಮೌಸನ್ನೂ ಅಲುಗಾಡಿಸಬಾರದು, ನೋಟವನ್ನು ಥಟ್ಟನೆ ತಿರುಗಿಸಿದರೂ ಅದು ಬೆದರಿ ಓಡುತ್ತದೆ. ಎದುರಿಗೆ ಬಂದ ಮೇಲೆ ತಿನ್ನಿಸಿ. ಹೊಗೆ ಎದ್ದರೆ ಇನ್ನೂ ಒಲಿದಿಲ್ಲ ಎಂದರ್ಥ, ಮತ್ತೊಂದು ಮೀನು ಕೊಡಿ. ಹೃದಯಗಳು ಹಾರಿದರೆ ಅದು ನಿಮ್ಮದು. ಬೆಕ್ಕನ್ನು ಕಂಡರೆ ಕ್ರೀಪರ್‌ಗಳು, ಅಂದರೆ ಹತ್ತಿರ ಬಂದು ಸ್ಫೋಟಿಸುವ ದೈತ್ಯಜೀವಿಗಳು, ದೂರ ಸರಿಯುತ್ತವೆ. ಹಾಗಾಗಿ ಮನೆ ಬಾಗಿಲಲ್ಲಿ ಒಂದನ್ನು ಕೂರಿಸಿಕೊಳ್ಳಿ.

ತೋಳಕ್ಕೆ ಮೂಳೆ ಕೊಡುತ್ತಾ ಹೋದರೆ ಸಾಕು. ಪ್ರತಿ ಮೂಳೆಗೂ ಅದು ಒಲಿಯುವ ಸಾಧ್ಯತೆ ಮೂರರಲ್ಲಿ ಒಂದು. ಕೈತಪ್ಪಿಯೂ ಹೊಡೆಯಬೇಡಿ, ಸುತ್ತಲಿನ ಹಿಂಡೇ ಮೈಮೇಲೆ ಬೀಳುತ್ತದೆ.

ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ನರಿ. ಕಾಡಿನಲ್ಲಿ ಸಿಗುವ ನರಿಯನ್ನು ನೇರವಾಗಿ ಪಳಗಿಸಲು ಆಗುವುದಿಲ್ಲ. ಬಗ್ಗಿಕೊಂಡೇ ಹತ್ತಿರ ಹೋಗಿ ಎರಡು ನರಿಗಳಿಗೆ ಸ್ವೀಟ್ ಬೆರ್ರಿ ತಿನ್ನಿಸಿ. ಹುಟ್ಟುವ ಮರಿ ನಿಮ್ಮನ್ನು ನಂಬುತ್ತದೆ, ನಿಮ್ಮ ಮೇಲೆ ಎರಗಿದವರ ಮೇಲೆ ತಾನೇ ನುಗ್ಗುತ್ತದೆ. ಆದರೆ ಅದು ದೊಡ್ಡ ನರಿಗಳ ಹಿಂದೆಯೇ ಓಡಿಬಿಡುತ್ತದೆ. ಹುಟ್ಟಿದ ಕೂಡಲೇ ಹಗ್ಗ ಕಟ್ಟಿ ದೂರಕ್ಕೆ ಕರೆದೊಯ್ಯಿರಿ. ಕೆಲಸ ಹೆಚ್ಚು, ಆದರೆ ಖಂಡಿತ ಸಾರ್ಥಕ.

ಕುದುರೆಯನ್ನು ಬರಿಗೈಯಲ್ಲಿ ಹತ್ತುತ್ತಲೇ ಇರಬೇಕು, ಕೆಡವಿದರೂ ಬಿಡಬೇಡಿ. ಗಿಳಿಗೆ ಗೋಧಿ, ಕುಂಬಳ, ಕಲ್ಲಂಗಡಿಯ ಬೀಜ ಕೊಡಿ. ಕುಕೀಯನ್ನು ಮಾತ್ರ ಯಾವ ಕಾರಣಕ್ಕೂ ಕೊಡಬೇಡಿ, ಗಿಳಿ ಸತ್ತುಹೋಗುತ್ತದೆ.