ಪೆಟ್ಟಿಗೆ ಮೇಲಿನ ಅಂಕಿ ನಂಬಬೇಡಿ: ಬೇಟೆ ರಿವಾಲ್ವರಿಗೆ ತೋಟಾ ಆರಿಸುವುದು ಹೇಗೆ?

ನಮ್ಮಜ್ಜನ ಕೇಪಿನ ಕೋವಿಗೆ ತೋಟಾ ಆರಿಸುವ ತಾಪತ್ರಯವೇ ಇರಲಿಲ್ಲ. ನಳಿಗೆಯ ಬಾಯಿಂದ ಮದ್ದು ಸುರಿದು, ತೆಂಗಿನ ನಾರು ತುರುಕಿ, ಚರೆ ಹಾಕಿ, ಗಜದಲ್ಲಿ ಗುದ್ದಿ, ಕೇಪು ಏರಿಸಿದರೆ ಆಯಿತು. ಚುನಾವಣೆ ಬಂದಾಗ ಕೋವಿ ಠಾಣೆಗೆ ಹೋಗುತ್ತಿತ್ತು, ಮುಗಿದ ಮೇಲೆ ಮನೆಗೆ ಬರುತ್ತಿತ್ತು. ಒಹಾಯೊಗೆ ಬಂದು ನೆಲೆಸಿದ ಮೇಲೆ, ಜಿಂಕೆ ಸೀಸನ್ನಿಗೆ ರಿವಾಲ್ವರ್ ಹಿಡಿದು ಹೋಗುವ ಪಕ್ಕದ ಮನೆ ಯಜಮಾನರ ಜತೆ ಮೊದಲ ಸಲ ತೋಟಾ ಅಂಗಡಿಗೆ ಹೋದಾಗ ನನಗೆ ತಲೆ ಕೆಟ್ಟುಹೋಯಿತು. ಕಪಾಟಿನಲ್ಲಿ .357, .41, .44, .45, .454, .460, .480, .500. ರೇಷನ್ ಅಂಗಡಿಯ ಅಳತೆ ಪಾತ್ರೆಗಳ ಹಾಗೆ ಸಾಲಾಗಿ ಕೂತಿವೆ. ಅಂಕಿ ದೊಡ್ಡದಾದಷ್ಟೂ ಗುಂಡು ದಪ್ಪ, ಪೆಟ್ಟು ಜೋರು ಅಂದುಕೊಂಡೆ. ಅರ್ಧ ತಪ್ಪು.

ಅಮೆರಿಕದಲ್ಲಿ ಬೇಟೆ ಕಾನೂನುಬದ್ಧ, ಹಲವು ರಾಜ್ಯಗಳಲ್ಲಿ ರಿವಾಲ್ವರಿನಿಂದ ಹೊಡೆಯುವುದೂ ಕಾನೂನುಬದ್ಧ. ಅಲ್ಲಿರುವ ಕನ್ನಡಿಗರಲ್ಲಿ ಕೆಲವರಿಗೆ, ಅದರಲ್ಲೂ ಮಲೆನಾಡು, ಕೊಡಗಿನ ಕಡೆಯವರಿಗೆ, ಈ ಚಪಲ ಹತ್ತಿಕೊಳ್ಳುತ್ತದೆ. ಈ ಲೇಖನ ಅವರಿಗಾಗಿ. ಭಾರತದಲ್ಲಿ 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಶಿಕಾರಿ ಮುಗಿದ ಕತೆ. ಊರಲ್ಲಿ ಕೂತು ಓದುವವರು ಕುತೂಹಲಕ್ಕೆ ಓದಿಕೊಳ್ಳಿ.

ಮೊದಲು ಕಾಗದ ಪತ್ರ

ಎಚ್-1ಬಿಯಲ್ಲೋ ವಿದ್ಯಾರ್ಥಿ ವೀಸಾದಲ್ಲೋ ಇದ್ದೀರಾದರೆ ಇಲ್ಲೇ ನಿಲ್ಲಿ. ಅಮೆರಿಕದ ಕೇಂದ್ರ ಕಾನೂನಿನ ಪ್ರಕಾರ ಇಂಥ ತಾತ್ಕಾಲಿಕ ವೀಸಾದವರು ಬಂದೂಕು ಇಟ್ಟುಕೊಳ್ಳುವಂತಿಲ್ಲ, ಒಂದೇ ಒಂದು ತೋಟಾ ಕೂಡ. ಕೆಲವು ವಿನಾಯಿತಿಗಳಿವೆ, ಅವುಗಳಲ್ಲಿ ಒಂದು, ಅಮೆರಿಕದ ಯಾವುದಾದರೂ ರಾಜ್ಯ ಕೊಟ್ಟ, ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಕೈಯಲ್ಲಿರುವುದು. ಗ್ರೀನ್ ಕಾರ್ಡಿನವರಿಗೆ ಈ ತೊಡಕಿಲ್ಲ. ಗೆಳೆಯನ ಬಂದೂಕು, ಗೆಳೆಯನ ತೋಟಾ, ಐದೇ ನಿಮಿಷ ಅಂದರೂ ನೆಪ ನಡೆಯುವುದಿಲ್ಲ. ಅನುಮಾನವಿದ್ದರೆ ವಲಸೆ ವಕೀಲರಿಗೆ ಫೀಸು ಕೊಟ್ಟು ಕೇಳಿ. ವೀಸಾ ಕಳೆದುಕೊಳ್ಳುವುದಕ್ಕಿಂತ ಅಗ್ಗ.

ಆಮೇಲೆ ರಾಜ್ಯದ ನಿಯಮ. ಹೊಸಬರು ಸಾಮಾನ್ಯವಾಗಿ ಬೇಟೆ ಸುರಕ್ಷತೆಯ ಕೋರ್ಸು ಮಾಡಬೇಕಾಗುತ್ತದೆ. ಒಹಾಯೊದಲ್ಲಿ ಜಿಂಕೆಗೆ ರಿವಾಲ್ವರ್ ಒಯ್ಯುವುದಾದರೆ ನಳಿಗೆ ಕನಿಷ್ಠ 5 ಇಂಚು ಇರಬೇಕು, ತೋಟಾ ಸೀಸೆಯ ಹಾಗೆ ಕತ್ತಿನ ಹತ್ತಿರ ಸಣ್ಣಗಾಗದೆ ನೇರ ಗೋಡೆಯದ್ದಾಗಿರಬೇಕು. ಪಕ್ಕದ ರಾಜ್ಯದಲ್ಲಿ ಬೇರೆ ನಿಯಮ. ಪ್ರತಿ ವರ್ಷ ಹೊಸ ಕೈಪಿಡಿ ಬರುತ್ತದೆ, ಹೋದ ವರ್ಷದ್ದನ್ನು ನೆಚ್ಚಿಕೊಳ್ಳಬೇಡಿ.

ಎರಡನೆಯದು, ಅಂಕಿ ಓದುವುದು

ತೋಟಾದ ಹೆಸರಿನ ಅಂಕಿ ಇಂಚಿನ ಲೆಕ್ಕದಲ್ಲಿ ಗುಂಡಿನ ಅಡ್ಡಳತೆ ಅನ್ನುತ್ತಾರೆ. ಅಳೆದು ನೋಡಿದರೆ .44ರ ಗುಂಡು .429 ಇರುತ್ತದೆ. .38 ಅನ್ನಿಸಿಕೊಂಡದ್ದು .357. .480 ಅನ್ನುವುದು ನಿಜವಾಗಿ .475. ಇನ್ನೂ ಮಜಾ ಅಂದರೆ .45 ಕೋಲ್ಟ್, .454 ಕಸುಲ್, .460 ಮ್ಯಾಗ್ನಮ್ (ಮ್ಯಾಗ್ನಮ್ ಅಂದರೆ ಜೋರು ಹೆಚ್ಚಿಸಿದ ತೋಟಾ) ಮೂರಕ್ಕೂ ಗುಂಡಿನ ದಪ್ಪ ಒಂದೇ, .452. ಇಡೀ ಕಪಾಟಿನಲ್ಲಿ ಹೆಚ್ಚುಕಡಿಮೆ ಪ್ರಾಮಾಣಿಕ ಅನ್ನಬಹುದಾದವು .357, .41, .500.

.38ರ ಸುಳ್ಳಿಗೊಂದು ಕಾರಣವಿದೆ. ಹಿಂದಿನ ಕಾಲದ ಗುಂಡು, ತೋಟಾದ ಹೊರಮೈಯಷ್ಟೇ ದಪ್ಪವಿದ್ದು, ಅದರ ಹಿಂಭಾಗವನ್ನು ಮಾತ್ರ ತೆಳ್ಳಗೆ ಮಾಡಿ ಒಳಗೆ ಸಿಕ್ಕಿಸುತ್ತಿದ್ದರು. ಆಮೇಲೆ ಇಡೀ ಗುಂಡನ್ನೇ ತೋಟಾದ ಹಿತ್ತಾಳೆ ಕವಚದ ಒಳಗೆ ಇಳಿಸಿದರು. ಗುಂಡು ಸಣ್ಣದಾಯಿತು, ಹೆಸರು ಹಳೆಯದೇ ಉಳಿಯಿತು. ಮಿಕ್ಕವುಗಳಲ್ಲಿ ಕೆಲವು ಮಾರಾಟದವರ ಅಂಕಿ.

ಹಾಗಾದರೆ ವ್ಯತ್ಯಾಸ ಎಲ್ಲಿದೆ? ಉದ್ದದಲ್ಲಿ, ಒತ್ತಡದಲ್ಲಿ. ಮೂರನ್ನೂ ಮೇಜಿನ ಮೇಲೆ ನಿಲ್ಲಿಸಿ ನೋಡಿ. 1873ರ .45 ಕೋಲ್ಟಿನ ಹಿತ್ತಾಳೆ 32.6 ಮಿಲಿಮೀಟರ್. ಬಂದೂಕು ತಯಾರಕ ಡಿಕ್ ಕಸುಲ್ 1957ರ ಹೊತ್ತಿಗೆ ರೂಪಿಸಿದ .454 ಸುಮಾರು 35. 2005ರಲ್ಲಿ ಬಂದ .460 ಹತ್ತಿರ ಹತ್ತಿರ 46. ಅಣ್ಣತಮ್ಮಂದಿರು ಎತ್ತರದ ಕ್ರಮದಲ್ಲಿ ಫೋಟೊಕ್ಕೆ ನಿಂತಂತೆ. ಹಳೆಯ .45ರ ಒಳಗಿನ ಒತ್ತಡದ ಮಿತಿ ಚದರಿಂಚಿಗೆ 14,000 ಪೌಂಡ್, .44 ಮ್ಯಾಗ್ನಮ್‌ದು 36,000, ಕಸುಲ್‌ದು 65,000. ನಿಮ್ಮ ಕಾರಿನ ಟೈರಿಗೆ 32 ತುಂಬಿಸುತ್ತೀರಿ ಅನ್ನುವುದನ್ನು ನೆನಪಿಸಿಕೊಳ್ಳಿ.

ಉದ್ದ ಹೆಚ್ಚಿಸಿದ್ದು ಬರೀ ಮದ್ದು ಹಿಡಿಸಲಿಕ್ಕಲ್ಲ. ಜೋರಿನ ತೋಟಾ ಹಳೆಯ ಬಡಕಲು ಬಂದೂಕಿನೊಳಗೆ ಕೂರಲೇಬಾರದು ಅಂತ. 1935ರ .357 ಮ್ಯಾಗ್ನಮ್ ಕೂಡ .38 ಸ್ಪೆಷಲ್ಲನ್ನೇ ಇಂಚಿನ ಎಂಟನೇ ಒಂದು ಭಾಗ ಎಳೆದು ಮಾಡಿದ್ದು. ಗಿಡ್ಡದ್ದು ಉದ್ದದ ಮನೆಯಲ್ಲಿ ಕೂರುತ್ತದೆ, ಉದ್ದದ್ದು ಗಿಡ್ಡದ ಮನೆಯಲ್ಲಿ ಕೂರುವುದಿಲ್ಲ. .460ರ ರಿವಾಲ್ವರಿನಲ್ಲಿ ಮೂವರು ಅಣ್ಣತಮ್ಮಂದಿರೂ ಹಾರುತ್ತಾರೆ.

ಅಪಾಯ ಇರುವುದು ಈ ಬೀಗ ಇಲ್ಲದ ಕಡೆ. .45 ಕೋಲ್ಟಿನಲ್ಲೇ ಗಟ್ಟಿ ಬಂದೂಕುಗಳಿಗೆಂದು ಜೋರಿನ ತೋಟಾ ಮಾರುತ್ತಾರೆ. ಉದ್ದ ಅದೇ, ಹೆಸರು ಅದೇ. ಅಜ್ಜನ ಕಾಲದ ಕೋಲ್ಟಿನಲ್ಲೂ ಸರಾಗ ಕೂರುತ್ತದೆ, ಮತ್ತು ತೋಟಾಗಳು ಕೂರುವ, ಈಡಿಗೊಮ್ಮೆ ತಿರುಗುವ ಸಿಲಿಂಡರನ್ನು ಸೀಳಬಹುದು. ತಡೆಯುವುದು ಪೆಟ್ಟಿಗೆಯ ಮೇಲಿನ ಸಣ್ಣಕ್ಷರದ ಎಚ್ಚರಿಕೆ, ಕೆಲವೊಮ್ಮೆ ಒತ್ತಡ ಹೆಚ್ಚು ಅಂತ ಹೇಳುವ 'ಪ್ಲಸ್ ಪಿ' ಅನ್ನುವ ಗುರುತು, ಅಷ್ಟೇ. ಹಾಗಾಗಿ ತೋಟಾವನ್ನು ಪೆಟ್ಟಿಗೆಯಿಂದ ತೆಗೆದು ಡಬ್ಬಿಗೆ ಸುರಿಯುವ ನಮ್ಮ ಅಡುಗೆಮನೆ ಬುದ್ಧಿ ಇಲ್ಲಿ ಬೇಡ.

ಇದು ಬರೀ ಹೆದರಿಕೆಯ ಮಾತಲ್ಲ. ಐಡಹೊದ ದನಗಾಹಿ, ಬಂದೂಕು ಬರಹಗಾರ ಎಲ್ಮರ್ ಕೀತ್ 1925ರ ಜುಲೈ 4ರಂದು ಸ್ವಾತಂತ್ರ್ಯ ದಿನದ ಖುಷಿಗೆ, ತಾನೇ ಬಿಗಿಯಾಗಿ ತುಂಬಿದ .45 ತೋಟಾ ಹಾರಿಸಿ ರಿವಾಲ್ವರ್ ಒಡೆದುಕೊಂಡ. .45ರಲ್ಲಿ ರಂಧ್ರ ದೊಡ್ಡದು, ಸಿಲಿಂಡರಿನ ಗೋಡೆ ತೆಳು. ಕೀತ್ .44 ಸ್ಪೆಷಲ್‌ಗೆ ಬದಲಾಯಿಸಿದ, ಗೋಡೆ ದಪ್ಪವಿದೆಯಲ್ಲ ಅಂತ. ಅಲ್ಲಿಂದ ಮೂವತ್ತು ವರ್ಷ ಕಂಪನಿಗಳ ಬೆನ್ನು ಬಿದ್ದು ಪೀಡಿಸಿದ. 1955ರ ಕೊನೆಗೆ ಸ್ಮಿತ್ ಅಂಡ್ ವೆಸನ್, ರೆಮಿಂಗ್ಟನ್ ಸೇರಿ .44 ಮ್ಯಾಗ್ನಮ್ ಹೊರತಂದವು.

ಮೂರನೆಯದು, ಪೆಟ್ಟಿನ ಲೆಕ್ಕ

ಪೆಟ್ಟಿಗೆಯ ಬದಿಯಲ್ಲಿ ಎರಡು ಅಂಕಿ ಇರುತ್ತವೆ: ಗುಂಡಿನ ತೂಕ ಗ್ರೇನ್‌ಗಳಲ್ಲಿ, ವೇಗ ಸೆಕೆಂಡಿಗೆ ಅಡಿಗಳಲ್ಲಿ. ಗ್ರೇನನ್ನು 0.0648ರಿಂದ ಗುಣಿಸಿದರೆ ಗ್ರಾಂ, ಅಡಿಯನ್ನು 0.3048ರಿಂದ ಗುಣಿಸಿದರೆ ಮೀಟರ್. .44 ಮ್ಯಾಗ್ನಮ್‌ನ ಮಾಮೂಲಿ ತೋಟಾ ತೆಗೆದುಕೊಳ್ಳೋಣ. 240 ಗ್ರೇನ್, 1,350 ಅಡಿ. ಅಂದರೆ ಹದಿನೈದೂವರೆ ಗ್ರಾಂ, 410 ಮೀಟರ್. ಪಿಯುಸಿಯಲ್ಲಿ ಕಲಿತ ಸೂತ್ರ ಹಾಕಿದರೆ ಚಲನಶಕ್ತಿ ಸುಮಾರು 1,300 ಜೂಲ್. ಇದೇ ಲೆಕ್ಕದಲ್ಲಿ .357ಕ್ಕೆ ಸುಮಾರು 720, ಹಳೆಯ .45ಕ್ಕೆ 550, 300 ಗ್ರೇನಿನ ಕಸುಲ್‌ಗೆ 2,400ರ ಹತ್ತಿರ, 2003ರಲ್ಲಿ ಬಂದ .500 ಮ್ಯಾಗ್ನಮ್‌ನ 400 ಗ್ರೇನಿಗೆ 3,400ರ ಹತ್ತಿರ.

ಈಗ 160 ಗ್ರಾಂನ ಕ್ರಿಕೆಟ್ ಚೆಂಡನ್ನು ಗಂಟೆಗೆ 145 ಕಿಲೊಮೀಟರ್ ವೇಗದಲ್ಲಿ ಎಸೆಯಿರಿ. ಶಕ್ತಿ 130 ಜೂಲ್. ಗುಂಡಿನದು ಅದರ ಹತ್ತು ಪಟ್ಟು. ಅಬ್ಬಾ ಅನ್ನುವ ಮೊದಲು ಇನ್ನೊಂದು ಲೆಕ್ಕ ಮಾಡಿ: ಕಿಲೊ ಲೆಕ್ಕದ ತೂಕವನ್ನು ಸೆಕೆಂಡಿಗೆ ಮೀಟರ್ ಲೆಕ್ಕದ ವೇಗದಿಂದ ಬರೀ ಒಂದು ಸಲ ಗುಣಿಸಿ, ಅಂದರೆ ಸಂವೇಗ. ಚೆಂಡಿಗೆ 6.4. ಗುಂಡಿಗೂ 6.4! ತಳ್ಳುವ ವಿಚಾರದಲ್ಲಿ .44 ಮ್ಯಾಗ್ನಮ್ ಒಬ್ಬ ಒಳ್ಳೆ ವೇಗದ ಬೌಲರ್ ಅಷ್ಟೇ. .500 ಅಂದರೆ ಇಬ್ಬರು ಬೌಲರ್‌ಗಳು. ಎಂಬತ್ತು ಕಿಲೊ ಜಿಂಕೆ ಇದರಿಂದ ಹಿಂದಕ್ಕೆ ಹಾರಿ ಬೀಳುವುದಿಲ್ಲ. ಅಷ್ಟು ತಳ್ಳುವಂತಿದ್ದರೆ ಹಿಡಿದವನೂ ಹಾರಬೇಕಿತ್ತು, ಯಾಕೆಂದರೆ ಅದೇ ಸಂವೇಗ, ಮದ್ದಿನ ಹೊಗೆಯದ್ದೂ ಸೇರಿ, ನಿಮ್ಮ ಅಂಗೈಗೆ ಬರುತ್ತದೆ.

ಹಾಗಾದರೆ ಪ್ರಾಣಿ ಸಾಯುವುದು ಹೇಗೆ? ತೂತಿನಿಂದ. ಎರಡೂ ಶ್ವಾಸಕೋಶ ಹಾದು ಆಚೆ ಬದಿಯಿಂದ ಹೊರಬಿದ್ದ ತೂತು ಅತ್ಯುತ್ತಮ. ರಕ್ತ ಎರಡೂ ಕಡೆಯಿಂದ ಸುರಿಯುತ್ತದೆ, ಜಾಡು ಹಿಡಿಯುವುದು ಸುಲಭ. ಅಷ್ಟಾಗಿಯೂ ಐವತ್ತು, ನೂರು ಗಜ ಓಡಿ ಬೀಳುವುದು ಮಾಮೂಲು. ಆದ್ದರಿಂದ ಗುಂಡಿನ ಮೂತಿ ನೋಡಿ. ಮೂತಿಯಲ್ಲಿ ಕುಳಿ ಇರುವ ಗುಂಡು ಒಳಹೊಕ್ಕು ಅರಳುತ್ತದೆ, ತೂತು ಅಗಲ, ಆಳ ಕಡಿಮೆ. ಬಿಳಿಬಾಲದ ಜಿಂಕೆಗೆ ಇದು ಸರಿ. ಸೀಸಕ್ಕೆ ತವರ, ಆಂಟಿಮನಿ ಬೆರೆಸಿ ಗಟ್ಟಿಯಾಗಿ ಎರಕ ಹೊಯ್ದ ಮೊಂಡು ಮೂತಿಯ ಗುಂಡು ಅರಳದೆ ಮೂಳೆ ಮುರಿದು ಆಳಕ್ಕೆ ಹೋಗುತ್ತದೆ. ಅದು ಎಲ್ಕ್ ಅನ್ನುವ ದೊಡ್ಡ ಜಾತಿಯ ಜಿಂಕೆ, ಕರಡಿಯಂಥ ದಪ್ಪ ಮೈಯವಕ್ಕೆ.

ನನ್ನ ಅಭಿಪ್ರಾಯ ಕೇಳಿದರೆ, ಜಿಂಕೆಗೆ .44 ಸಾಕು, .41 ಕೂಡ ಸಾಕು. .357 ಹತ್ತಿರದಿಂದ, ಕೈ ಪಳಗಿದವರಿಗೆ. ಕಸುಲ್ ಎಲ್ಕ್ ಬೇಟೆಗೆ ಹೋಗುವವರು ತೆಗೆದುಕೊಳ್ಳಲಿ. .500ರ ಉದ್ದ ನಳಿಗೆಯ ರಿವಾಲ್ವರ್ ಎರಡು ಕಿಲೊ ತೂಗುತ್ತದೆ, ಸಿಲಿಂಡರಿನಲ್ಲಿ ಐದೇ ತೋಟಾ. ಜಿಂಕೆ ಮರಸಿಗೆ ಕೂರುವವರಿಗೆ ಅದು ಮದುವೆ ಮನೆಯ ಕೊಪ್ಪರಿಗೆಯಲ್ಲಿ ಒಬ್ಬರಿಗೆ ಟೀ ಕಾಯಿಸಿದ ಹಾಗೆ. ಅಂದಹಾಗೆ ದೊಡ್ಡ ಬಾಯಿಯ ಕೈಬಂದೂಕಿನ ಖಯಾಲಿ ಅಮೆರಿಕದ್ದೊಂದೇ ಅಲ್ಲ. ಹತ್ತೊಂಬತ್ತನೇ ಶತಮಾನದಲ್ಲಿ ನಮ್ಮ ಕಾಡುಗಳಲ್ಲಿ ಆನೆ ಮೇಲೆ ಕೂತು ಹುಲಿ ಹೊಡೆಯುತ್ತಿದ್ದ ಬ್ರಿಟಿಷರು, ಹುಲಿ ಆನೆಯನ್ನೇ ಹತ್ತಿ ಬಂದರೆ ಇರಲಿ ಅಂತ ಗಿಡ್ಡ ಜೋಡುನಳಿಗೆ ಪಿಸ್ತೂಲು ಇಟ್ಟುಕೊಳ್ಳುತ್ತಿದ್ದರು. ಅದರ ಹೆಸರೇ ಹೌದಾ ಪಿಸ್ತೂಲು; ಹೌದಾ ಅಂದರೆ ಆನೆ ಮೇಲಿನ ಅಂಬಾರಿ.

ನಾಲ್ಕನೆಯದು, ಕೈ ಪಳಗಿಸುವುದು

ಇಲ್ಲಿ ನಾನು ಮಾಡಿದ ತಪ್ಪು ಮಾಡಬೇಡಿ. ಮೊದಲ ದಿನವೇ ಮ್ಯಾಗ್ನಮ್ ತೋಟಾ ತುಂಬಿ ಆರು ಈಡು ಹಾರಿಸಿದೆ. ಕಾಗದದ ತಟ್ಟೆಗೆ ಒಂದೂ ತಾಗಲಿಲ್ಲ, ಎಲ್ಲವೂ ಕೆಳಗಿನ ಮಣ್ಣಿಗೆ. ಬಂದೂಕಿನ ಗುರಿಯೇ ಸರಿಯಿಲ್ಲ ಅಂದೆ. ಯಜಮಾನರು ಮಾತಾಡದೆ ರಿವಾಲ್ವರ್ ಇಸಿದುಕೊಂಡು, ನನಗೆ ಕಾಣದಂತೆ ತುಂಬಿ ಕೊಟ್ಟರು. ಎರಡು ಢಂ ಅಂದವು. ಮೂರನೆಯದು ಬರೀ ಟಿಕ್. ಢಂ ಅನ್ನದ ಆ ಹೊತ್ತಿನಲ್ಲಿ ನಳಿಗೆಯ ತುದಿ ನಾಲ್ಕು ಬೆರಳು ಕೆಳಗೆ ಬಾಗಿದ್ದನ್ನು ನನ್ನ ಕಣ್ಣಾರೆ ಕಂಡೆ. ನಡುನಡುವೆ ಖಾಲಿ ಹಿತ್ತಾಳೆ ಹಾಕಿದ್ದರು. ಪೆಟ್ಟು ಬರುವ ಮೊದಲೇ ಕೈ ಹೆದರಿ ಕೆಳಗೆ ತಳ್ಳುತ್ತಿತ್ತು, ತಪ್ಪು ಬಂದೂಕಿನದಾಗಿರಲಿಲ್ಲ.

.44 ಮ್ಯಾಗ್ನಮ್ ರಿವಾಲ್ವರಿನಲ್ಲಿ .44 ಸ್ಪೆಷಲ್ ಹಾರಿಸಿ ಅಭ್ಯಾಸ ಶುರು ಮಾಡಿ. ಗಿಡ್ಡ, ಮೆದು. ಒಂದು ಎಚ್ಚರಿಕೆ: ಗಿಡ್ಡ ತೋಟಾ ಹಾರಿಸಿದಾಗ ಸಿಲಿಂಡರಿನ ರಂಧ್ರದ ಮುಂಭಾಗದಲ್ಲಿ ಮಸಿಯ ಬಳೆ ಕಟ್ಟುತ್ತದೆ. ಉಜ್ಜಿ ತೆಗೆಯದೆ ಉದ್ದದ್ದು ತುರುಕಿದರೆ ಪೂರ್ತಿ ಕೂರುವುದಿಲ್ಲ. ಕಿವಿಗೆ ಒಳಗೆ ಬಿರಡೆ, ಮೇಲೆ ಮುಚ್ಚಳ, ಎರಡೂ ಬೇಕು. ಶಬ್ದ 160 ಡೆಸಿಬೆಲ್ ದಾಟುತ್ತದೆ. ಸಿಲಿಂಡರಿಗೂ ನಳಿಗೆಗೂ ನಡುವಿನ ಸಂದಿಯ ಹತ್ತಿರ ಬೆರಳು ಸುಳಿಯಕೂಡದು. ಅಲ್ಲಿಂದ ಬರುವ ಬಿಸಿ ಅನಿಲ ಚರ್ಮ ಕತ್ತರಿಸುತ್ತದೆ, ಜೋರಿನ ತೋಟಾದಲ್ಲಿ ಬೆರಳೇ ಹೋಗಬಹುದು.

ಇನ್ನೊಂದು ಪರೀಕ್ಷೆಯಿದೆ. ಐದು ಹಾರಿಸಿ, ಆರನೆಯದನ್ನು ಹಾರಿಸದೆ ಹೊರತೆಗೆದು ಹೊಸದರ ಪಕ್ಕ ನಿಲ್ಲಿಸಿ. ಒಂದಿಷ್ಟು ಉದ್ದವಾಗಿದ್ದರೆ, ಹಿಂದಿನ ಐದರ ಒದೆತಕ್ಕೆ ಗುಂಡು ಹಿತ್ತಾಳೆಯಿಂದ ಮುಂದಕ್ಕೆ ಜಾರಿದೆ ಅಂತ ಅರ್ಥ. ಇನ್ನೂ ಜಾರಿದರೆ ಮೂತಿ ಹೊರಬಂದು ಸಿಲಿಂಡರ್ ತಿರುಗದೆ ಸಿಕ್ಕಿಕೊಳ್ಳುತ್ತದೆ. ಹಿತ್ತಾಳೆಯ ಬಾಯನ್ನು ಗುಂಡಿನ ಮೇಲೆ ಬಿಗಿಯಾಗಿ ಮಡಚಿರುವ ಬೇರೆ ತೋಟಾ ಕೊಳ್ಳಿ.

ಕೊನೆಗೆ ಎಂಟು ಇಂಚಿನ ಕಾಗದದ ತಟ್ಟೆ. 25 ಗಜ ದೂರದಿಂದ, ತೊಡೆಯ ಮೇಲೋ ಕೋಲಿನ ಮೇಲೋ ಕೈ ಆನಿಸಿ ಆರು ಈಡು. ಆರೂ ತಟ್ಟೆಯೊಳಗಿದ್ದರೆ ಹತ್ತು ಗಜ ಹಿಂದಕ್ಕೆ. ಒಂದು ಹೊರಬಿದ್ದ ಕೂಡಲೇ ಅದರ ಹಿಂದಿನ ದೂರ ನಿಮ್ಮ ಗಡಿ. ನನ್ನದು ಮೊದಲ ವರ್ಷ 35 ಗಜ. 40ರಲ್ಲಿ ಒಳ್ಳೆ ಕೊಂಬಿನದೊಂದು ಬಂದು ನಿಂತು, ಎಲೆ ಜಗಿದು ಹೋಯಿತು. ಹೊಡೆಯಲಿಲ್ಲ.

ಊರಿಗೆ ಹೊರಡುವ ಮುನ್ನ

ಸೀಸನ್ ಮುಗಿದು ಡಿಸೆಂಬರಿನಲ್ಲಿ ರಜೆಗೆ ಊರಿಗೆ ಬರುವವರು ಬೇಟೆಯ ಜಾಕೆಟ್ಟು, ಬೆನ್ನುಚೀಲ ಸೂಟ್‌ಕೇಸಿಗೆ ಹಾಕಲೇಬೇಡಿ. ಲೈಸೆನ್ಸ್ ಇಲ್ಲದೆ ಒಂದೇ ಒಂದು ತೋಟಾ ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಸಿಕ್ಕರೂ ಶಸ್ತ್ರಾಸ್ತ್ರ ಕಾಯ್ದೆಯಡಿ ಕೇಸು ಬೀಳಬಹುದು; ಮರೆತಿದ್ದೆ ಅನ್ನುವುದನ್ನು ಆಮೇಲೆ ಕೋರ್ಟಿನಲ್ಲಿ ಹೇಳಿಕೊಳ್ಳಬೇಕಾಗುತ್ತದೆ. ಹೋದ ಸಲ ಹೊರಡುವ ಎರಡು ದಿನ ಮೊದಲು ನಮ್ಮಾಕೆ ಅದೇ ಜಾಕೆಟ್ಟನ್ನು ಮಡಚುತ್ತಾ, "ಇದೇನ್ರೀ, ಲಿಪ್‌ಸ್ಟಿಕ್ಕಾ?" ಅಂತ ಒಳಜೇಬಿನಿಂದ ಒಂದು .44 ಸ್ಪೆಷಲ್ ತೆಗೆದು ಮೇಜಿನ ಮೇಲಿಟ್ಟಳು. ಆ ಜಾಕೆಟ್ಟು ಈಗ ಯಜಮಾನರ ಗ್ಯಾರೇಜಿನಲ್ಲೇ ನೇತಾಡುತ್ತದೆ.