ಬಡ್ತಿ ಬಂತು, ಓಟಿ ಹೋಯಿತು: ಅದನ್ನು ಮರಳಿ ಪಡೆದ ಬಗೆ

2017ರ ಜೂನ್‌ನಲ್ಲಿ, ಪೀಣ್ಯದ ನಮ್ಮ ಕಾರ್ಖಾನೆಯಲ್ಲಿ ಸಿಎನ್‌ಸಿ ಸೆಟ್ಟರ್ (ಕಂಪ್ಯೂಟರ್‌ನಿಂದ ನಡೆಯುವ ಲೋಹ ಕತ್ತರಿಸುವ ಮೆಷಿನ್‌ಗಳನ್ನು ಕೆಲಸಕ್ಕೆ ಹೊಂದಿಸುವವನು) ಆಗಿದ್ದ ನನ್ನನ್ನು ಶಿಫ್ಟ್ ಸೂಪರ್‌ವೈಸರ್ ಮಾಡಿದರು. ವೇತನದಲ್ಲಿ ಬದಲಾವಣೆ ಇರುವುದಿಲ್ಲ ಎಂಬ ಸಾಲು ಪತ್ರದ ಕೊನೆಯಲ್ಲಿತ್ತು. ಅದನ್ನು ಗಮನಿಸುವ ಮೊದಲೇ ನಾನು ಸೆಕ್ಷನ್ನಿನವರಿಗೆಲ್ಲ ಮೈಸೂರು ಪಾಕ್ ಹಂಚಿ 900 ರೂಪಾಯಿ ಕಳೆದುಕೊಂಡಿದ್ದೆ. ಆ ಸಾಲೂ ಪೂರ್ತಿ ನಿಜವಲ್ಲವೆಂದು ಮುಂದಿನ ತಿಂಗಳ ಸ್ಲಿಪ್ ನೋಡಿದಾಗ ತಿಳಿಯಿತು. ಸಂಬಳ 24,000 ಹಾಗೆಯೇ ಇತ್ತು, ಆದರೆ ಸೂಪರ್‌ವೈಸರ್‌ಗೆ ಓಟಿ, ಅಂದರೆ ಹೆಚ್ಚುವರಿ ಗಂಟೆಗಳ ಕೂಲಿ, ಇಲ್ಲ. ತಿಂಗಳಿಗೆ 20-24 ಗಂಟೆ ದುಪ್ಪಟ್ಟು ದರದಲ್ಲಿ ಬರುತ್ತಿದ್ದ ಸುಮಾರು 5,000 ರೂಪಾಯಿ ನಿಂತುಹೋಗಿತ್ತು. ನಿನ್ನೆಯವರೆಗೆ ಅಣ್ಣ ಎನ್ನುತ್ತಿದ್ದ ಹುಡುಗರು ಸಾರ್ ಎನ್ನತೊಡಗಿದ್ದರು, ಅಷ್ಟೇ ಲಾಭ.

ಮೊದಲು ಬಾಯಿಮಾತಿನಲ್ಲಿ ಕೇಳಿದೆ. ಅಪ್ರೈಸಲ್ ಬರಲಿ, ನೋಡೋಣ ಎಂದರು. ಅಪ್ರೈಸಲ್‌ನಲ್ಲಿ ಎಲ್ಲರಿಗೂ ಸಿಕ್ಕ ಏಳೆಂಟು ನೂರು ರೂಪಾಯಿಯೇ ನನಗೂ ಸಿಕ್ಕಿತು. ಆಮೇಲೆ ಬೊಮ್ಮಸಂದ್ರದ ಒಂದು ಕಡೆಯಿಂದ 28,000ದ ಆಫರ್ ಲೆಟರ್ ತಂದು ತೋರಿಸಿದೆ. ಮ್ಯಾನೇಜರ್ ಅಭಿನಂದನೆ ಹೇಳಿ, ನೋಟಿಸ್ ಪೀರಿಯಡ್ ಎಂದಿನಿಂದ ಎಂದು ಕೇಳಿದರು. ದಾಸರಹಳ್ಳಿಯ ಮನೆಯಿಂದ ದಿನವೂ ಊರು ದಾಟಿ ಬೊಮ್ಮಸಂದ್ರಕ್ಕೆ ಹೋಗುವವನು ನಾನಲ್ಲವೆಂದು ಅವರಿಗೂ ಗೊತ್ತಿತ್ತು. ಹೋಗದೆ ಉಳಿದೆ, ಅನಂತರ ಆರೇಳು ತಿಂಗಳು ನನ್ನ ಮಾತಿಗೆ ಆ ಕ್ಯಾಬಿನ್ನಿನಲ್ಲಿ ಕವಡೆ ಕಿಮ್ಮತ್ತಿರಲಿಲ್ಲ. ಓಟಿಗೆ ದುಪ್ಪಟ್ಟು ದರ ಕೊಡಬೇಕೆನ್ನುತ್ತಿದ್ದ ಕಾರ್ಖಾನೆ ಕಾಯ್ದೆಯ 59ನೇ ಕಲಮನ್ನು ಹಿಡಿದುಕೊಂಡು ಎಚ್‌ಆರ್ ಬಳಿಗೂ ಹೋದೆ. ಮೇಲ್ವಿಚಾರಣೆಯ ಹುದ್ದೆಯವರಿಗೆ ಅದು ಅನ್ವಯಿಸದು ಎಂದು ಹೇಳಿ ಕಳಿಸಿದರು. ಹುದ್ದೆಯ ಹೆಸರಿಗಿಂತ ಮಾಡುವ ಕೆಲಸ ಮುಖ್ಯ ಎಂದು ವಾದಿಸಬಹುದಿತ್ತು, ಆದರೆ ಇಬ್ಬರು ಮಕ್ಕಳ ಫೀಸ್ ಕಟ್ಟುತ್ತ ಆ ದಾರಿ ಹಿಡಿಯುವ ಧೈರ್ಯ ನನಗಿರಲಿಲ್ಲ.

ಫಲ ಕೊಟ್ಟದ್ದು ಒಂದು ಪಾಕೆಟ್ ಡೈರಿ. 2018ರ ಸೆಪ್ಟೆಂಬರ್‌ನಿಂದ ಪ್ರತಿ ಶಿಫ್ಟಿನ ಕೊನೆಗೆ ಎಷ್ಟು ಪೀಸ್ ಆಯಿತು, ಎಷ್ಟು ರಿಜೆಕ್ಟ್ ಆಯಿತು, ಯಾವ ಮೆಷಿನ್, ಯಾವ ಕಾರಣ ಎಂದು ಬರೆದಿಟ್ಟೆ. ಸಂಬಳಕ್ಕಾಗಿ ಲೆಕ್ಕ ಬರೆಯುತ್ತಿದ್ದಾನೆ ಎಂದು ಜೊತೆಗಿನ ಸೂಪರ್‌ವೈಸರ್‌ಗಳು ಕ್ಯಾಂಟೀನ್‌ನಲ್ಲಿ ನಗುತ್ತಿದ್ದರು. ಆರಂಭದಲ್ಲಿ ನೂರಕ್ಕೆ ನಾಲ್ಕೈದು ಪೀಸ್ ಹೋಗುತ್ತಿತ್ತು. ಹೆಚ್ಚಿನವು ಹಾಳಾಗುತ್ತಿದ್ದುದು ಶಿಫ್ಟ್ ಬದಲಾಗುವ ಅರ್ಧ ಗಂಟೆಯಲ್ಲಿ, ಹಿಂದಿನವನು ಬದಲಿಸಿದ ಆಫ್‌ಸೆಟ್ (ಅಳತೆ ಸರಿಬರಲು ಮೆಷಿನ್ನಿಗೆ ಕೊಡುವ ತಿದ್ದುಪಡಿಯ ಅಂಕಿ) ಮುಂದಿನವನಿಗೆ ತಿಳಿಯದೆ. ಕೊನೆಯ ಪೀಸಿನ ಅಳತೆಯನ್ನೂ ಆಫ್‌ಸೆಟ್‌ನ ಅಂಕಿಯನ್ನೂ ಒಂದು ಚೀಟಿಯಲ್ಲಿ ಬರೆದು ಮೆಷಿನ್ನಿನ ಬಾಗಿಲಿಗೆ ಅಂಟಿಸಿ ಹೋಗಬೇಕೆಂದು ಮಾಡಿದೆ. ಇನ್ಸರ್ಟ್‌ಗಳನ್ನು, ಅಂದರೆ ಲೋಹ ಕತ್ತರಿಸುವ ಬಿಲ್ಲೆಗಳನ್ನು, ಸವೆದು ಅಂಚು ಮುರಿಯುವವರೆಗೆ ಕಾಯದೆ ಪೀಸಿನ ಎಣಿಕೆಯ ಮೇಲೆ ಬದಲಿಸಿದೆ. ಎಣಿಕೆ ಎಷ್ಟೆಂಬುದನ್ನು ಇಲ್ಲಿ ಹೇಳುವುದಿಲ್ಲ, ಅದು ಇಂದಿಗೂ ನನ್ನ ಅನ್ನ. ರಿಜೆಕ್ಷನ್ ಇಲ್ಲದ ದಿನ ಹುಡುಗರಿಗೆ ಚಹಾ-ಬಜ್ಜಿ ಎಂಬ ಪ್ರಯೋಗವನ್ನೂ ಮಾಡಿ ಕೈಯಿಂದ 1,200 ರೂಪಾಯಿ ಹಾಕಿದೆ. ಅವರು ಕೆಟ್ಟ ಪೀಸ್‌ಗಳನ್ನು ಲೋಹದ ಚೂರು ತುಂಬುವ ಚಿಪ್ಸ್ ಡಬ್ಬಿಯ ತಳದಲ್ಲಿ ಹೂತು ಬಜ್ಜಿ ತಿಂದರು.

ಜನವರಿಯ ಹೊತ್ತಿಗೆ ರಿಜೆಕ್ಷನ್ ನೂರಕ್ಕೆ ಎರಡರ ಆಸುಪಾಸಿಗೆ ಇಳಿದಿತ್ತು. ದಿನಕ್ಕೆ 220 ಪೀಸಿನ ಲೆಕ್ಕದಲ್ಲಿ ಐದಾರು ಪೀಸ್ ಉಳಿತಾಯ, ಒಂದಕ್ಕೆ ಕಚ್ಚಾವಸ್ತು ಮತ್ತು ಮೆಷಿನ್ ಸಮಯ ಸೇರಿ 180 ರೂಪಾಯಿ ಎಂದರೂ ತಿಂಗಳಿಗೆ ಸುಮಾರು 25,000. ಈ 180ರ ಅಂಕಿಯನ್ನು ಅಕೌಂಟ್ಸ್‌ನವರ ಬಾಯಿಂದ ಹೇಗೆ ಹೊರಡಿಸಿದೆ ಎಂಬುದೂ ನನ್ನಲ್ಲೇ ಇರಲಿ. ಮುಂದಿನ ವರ್ಷದ ಬಜೆಟ್ ಕೂಡಿಸುವ ಫೆಬ್ರವರಿಯಲ್ಲಿ ಒಂದೇ ಹಾಳೆಯ ಪತ್ರ ಕೊಟ್ಟೆ. ಅದರಲ್ಲಿ ಇನ್‌ಕ್ರಿಮೆಂಟ್ ಎಂಬ ಪದವೇ ಇರಲಿಲ್ಲ. ಬಡ್ತಿಯಿಂದ ನಿಂತ ಓಟಿ ಇಷ್ಟು, ಸ್ಕ್ರ್ಯಾಪ್ ಇಳಿದು ಉಳಿತಾಯವಾದದ್ದು ಇಷ್ಟು, ಆದ್ದರಿಂದ ತಿಂಗಳಿಗೆ 6,500 ಕೊಡಬೇಕೆಂದು ಕೇಳಿಕೊಂಡಿದ್ದೆ. ಮ್ಯಾನೇಜರ್ ಡೈರಿಯನ್ನು ತರಿಸಿಕೊಂಡು ಡಿಸೆಂಬರ್‌ನ ಮೂರು ದಿನಗಳನ್ನು ಕ್ವಾಲಿಟಿ ವಿಭಾಗದ ರಿಜಿಸ್ಟರಿನೊಂದಿಗೆ ತಾಳೆ ನೋಡಿದರು. ಒಂದು ಪೀಸಿನಷ್ಟೂ ವ್ಯತ್ಯಾಸ ಬರಲಿಲ್ಲ.

ಏಪ್ರಿಲ್ 2019ರಿಂದ 6,000 ಬಂತು. ಪೂರ್ತಿಯನ್ನೂ ಸೂಪರ್‌ವೈಸರ್ ಅಲೊವೆನ್ಸ್ ಎಂದು ಕೊಡುವುದು ಅವರ ಇಚ್ಛೆಯಾಗಿತ್ತು. ಎರಡು ಸಲ ಹೋಗಿ ಕುಳಿತು 4,000ವನ್ನು ಬೇಸಿಕ್‌ಗೆ, ಅಂದರೆ ಮೂಲ ವೇತನಕ್ಕೆ, ಸೇರಿಸಿಕೊಂಡೆ. ಪಿಎಫ್ ಅನ್ನು ನಮ್ಮಲ್ಲಿ 15,000ದ ಮಿತಿಗೇ ಕಟ್ಟುತ್ತಿದ್ದುದರಿಂದ ಅಲ್ಲಿ ಏನೂ ಹೆಚ್ಚಲಿಲ್ಲ, ಆದರೆ ಕೆಲಸ ಬಿಡುವಾಗ ಸಿಗುವ ಗ್ರಾಚುಟಿಯ ಲೆಕ್ಕ ಆಗ ಹಾಕುತ್ತಿದ್ದುದು ಕೊನೆಯ ಬೇಸಿಕ್ ಮತ್ತು ಡಿಎ (ತುಟ್ಟಿಭತ್ಯೆ) ಮೇಲೆ, ಅದೂ ಹಿಂದಿನ ಅಷ್ಟೂ ವರ್ಷಗಳಿಗೆ. 4,000ಕ್ಕೆ ವರ್ಷಕ್ಕೆ 15/26ರಂತೆ (ತಿಂಗಳಿಗೆ 26 ದಿನವೆಂದು ಹಿಡಿದು 15 ದಿನದ ಸಂಬಳ), ಅಂದಿಗೆ ಆಗಿದ್ದ ನನ್ನ 11 ವರ್ಷಕ್ಕೆ, ಒಂದೇ ಸಹಿಯಲ್ಲಿ ಸುಮಾರು 25,000 ಕೂಡಿತು. ಅಲೊವೆನ್ಸ್ ಎಂದು ಒಪ್ಪಿಕೊಂಡು ಬಂದ ಪಕ್ಕದ ಸೆಕ್ಷನ್ನಿನ ಗೆಳೆಯನಿಗೆ ಇದನ್ನು ಬರೆದು ತೋರಿಸಿದ ಮೇಲೆ ಅವನು ನಗುವುದನ್ನು ನಿಲ್ಲಿಸಿದ.

ಹಿಂದಿನ 22 ತಿಂಗಳ ಬಾಕಿ, ಅಂದರೆ ಲಕ್ಷದ ಮೇಲಿನ ಮೊತ್ತ, ಬರಲಿಲ್ಲ. ಅದಕ್ಕೂ ಒಂದು ಪತ್ರ ಕೊಟ್ಟೆ. ಒಳಬಂದ ದಿನಾಂಕದ ಮೊಹರು ಹಾಕಿ ನಕಲನ್ನು ವಾಪಸ್ ಕೊಟ್ಟರು.